ಹಲಗೆಯ ಮೇಲೆ ಕೂತವಳು

ಗುಂಡ್ಲುಪೇಟೆಯಿಂದ ಕೇರಳದ ಗಡಿಯ ಮದ್ದೂರಿನ ಕಡೆ ಹೋಗುವ ಬಸ್ಸಿನಲ್ಲಿ ನಾನು ಇವತ್ತಿಗೂ ಕಿಟಕಿಯ ಪಕ್ಕ ಕೂರುವುದಿಲ್ಲ. ಬೇರೆ ಸೀಟು ಸಿಗದೆ ಕೂರಲೇಬೇಕಾಗಿ ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುತ್ತೇನೆ. ಆ ದಾರಿಯ ಜನರ ಮಟ್ಟಿಗೆ ನಾನು ಎಂದೋ ಹೋಗಿಬಿಟ್ಟವಳು. ಹಾಗೆ ಹೋದವಳು ಮತ್ತೆ ಅವರ ಕಣ್ಣಿಗೆ ಬೀಳಬಾರದು.

ಐವತ್ತರ ದಶಕ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ ಮುಗಿಸಿ ಚಾಮರಾಜನಗರಕ್ಕೆ, ಅಪ್ಪನ ಮನೆಗೆ ಬಂದು ಕೂತಿದ್ದೆ. ಮನೆಯವರು ಗಂಡು ಹುಡುಕುತ್ತಿದ್ದರು. ಅಷ್ಟರಲ್ಲಿ ಕಾಲೇಜಿನ ನನ್ನ ಗುರುಗಳು ಹೇಳಿಕಳಿಸಿದರು: ಕೆಲಸ ಶುರು ಮಾಡುವ ಹೊಸಬರು ಕಾಡಿಗೆ ಹೋಗಿ ಬರಲಿ ಎಂದು ಒಂದು ಸಣ್ಣ ಸಹಾಯಧನ ಇದೆ, ಅರ್ಜಿ ಹಾಕು ಎಂದು. ಬಸ್ ಚಾರ್ಜು, ಜೊತೆಗೆ ಬರುವ ಕಾವಲುಗಾರನ ಊಟ, ಹಗ್ಗ, ಸುಣ್ಣ, ಇಷ್ಟಕ್ಕೆ ಆಗುವಂಥ ಸಹಾಯಧನ ಅದು. ಆದರೆ ಮೊದಲ ವರ್ಷದ ಕೆಲಸ ಸರಿಯಾಗಿದ್ದರೆ ಎರಡನೆಯ ವರ್ಷಕ್ಕೂ ಮುಂದುವರಿಸುತ್ತಿದ್ದರು, ಆಮೇಲೆ ಕಾಲೇಜಿನಲ್ಲೇ ಸಂಶೋಧನೆಗೆ ಒಂದು ಜಾಗ ಸಿಗುತ್ತಿತ್ತು. ನನಗೆ ಇದ್ದದ್ದು ಅದೊಂದೇ ಬಾಗಿಲು.

ಸಹಾಯಧನ ಕೊಡುವ ಸಮಿತಿಯಲ್ಲಿದ್ದ ಒಬ್ಬರು, ‘ಹೆಣ್ಣುಮಗಳು ಕಾಡಿನಲ್ಲಿ ಹೆದರಿಕೊಳ್ಳುವುದಿಲ್ಲವೇ?’ ಎಂದು ನನ್ನನ್ನು ಬಿಟ್ಟು ಗುರುಗಳನ್ನು ಕೇಳಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ‘ನನ್ನನ್ನೇ ಕೇಳಿ ಸಾರ್, ನನಗೂ ಬಾಯಿದೆ’ ಎಂದೆ. ಸಹಾಯಧನ ಸಿಕ್ಕಿತು. ಅದು ಸಿಕ್ಕಿದ್ದು ನಿನಗಲ್ಲ, ನಿನ್ನ ಬಾಯಿಗೆ ಎಂದು ಗುರುಗಳು ಆಮೇಲೆ ಬಹಳ ದಿನ ಛೇಡಿಸುತ್ತಿದ್ದರು.

ಗುಂಡ್ಲುಪೇಟೆಯಲ್ಲಿ ನನ್ನ ದೊಡ್ಡಮ್ಮನ ಮನೆ ಇತ್ತು. ಅಲ್ಲಿ ಉಳಿದುಕೊಂಡು, ಹದಿನೈದು ದಿನಕ್ಕೊಮ್ಮೆ ಮದ್ದೂರಿನ ಕಾಡಿಗೆ ಹೋಗಿಬರುವುದು ಎಂದು ಗೊತ್ತಾಯಿತು. ನನ್ನ ಕೆಲಸ ಏನೆಂದು ದೊಡ್ಡಮ್ಮನಿಗೆ ತಿಳಿಸಿ ಹೇಳಿದೆ: ಬೇಸಿಗೆಯಲ್ಲಿ ಬೆಂಕಿ ಬಿದ್ದು ಸುಟ್ಟ ನೆಲದಲ್ಲಿ ಮಳೆ ಬಂದ ಮೇಲೆ ಮೊದಲು ಯಾವ ಗಿಡ ಹುಟ್ಟುತ್ತದೆ, ಯಾವುದು ಬದುಕುತ್ತದೆ, ಯಾವುದು ಸಾಯುತ್ತದೆ, ಅದನ್ನು ನೋಡುವುದು. ‘ಹುಲ್ಲು ಹುಟ್ಟೋದು ನೋಡೋಕೂ ದುಡ್ಡು ಕೊಡ್ತಾರೇನೇ? ಹಾಗಾದ್ರೆ ನನ್ನ ಹಿತ್ತಲಲ್ಲೇ ಕೂತ್ಕೋ, ಕಳೆನೂ ಕಿತ್ತಹಾಗಾಗುತ್ತೆ’ ಎಂದಳು ದೊಡ್ಡಮ್ಮ. ಆದರೂ ಮಸಿಗೆ ಒಳ್ಳೆಯ ಸೀರೆ ಹಾಳಾಗದಿರಲಿ ಎಂದು ಒಗೆದು ಒಗೆದು ಬಣ್ಣವೆಲ್ಲ ಹೋಗಿ ಬೆಳ್ಳಗಾಗಿದ್ದ ತನ್ನ ಹಳೆಯ ನೂಲಿನ ಸೀರೆಯನ್ನು ಕೊಟ್ಟಳು. ಬಸ್ಸಿನಲ್ಲಿ ನಾನು ನನ್ನ ಬಣ್ಣದ ಸೀರೆಯಲ್ಲೇ ಹೋಗುತ್ತಿದ್ದೆ. ಕಾಡಿನ ಗೇಟಿನ ಹತ್ತಿರದ ಕೋಣೆಯಲ್ಲಿ ಅದನ್ನು ಬಿಚ್ಚಿಟ್ಟು ದೊಡ್ಡಮ್ಮನದನ್ನು ಉಟ್ಟುಕೊಳ್ಳುತ್ತಿದ್ದೆ.

ಜೊತೆಗೆ ಬರುತ್ತಿದ್ದವನು ಅರಣ್ಯದ ವಾಚರ್, ಹೆಚ್ಚು ಮಾತಿಲ್ಲದ ನಡುವಯಸ್ಸಿನವನು. ಅವನೂ ನಾನೂ ಸೇರಿ ದನದ ದೊಡ್ಡಿಗೆ ಹೋಗುವ ಕಾಲುದಾರಿಯಿಂದ ಸ್ವಲ್ಪ ಒಳಗೆ, ಒಬ್ಬ ಮನುಷ್ಯ ಕೈಕಾಲು ಚಾಚಿ ಮಲಗುವಷ್ಟು ನೆಲವನ್ನು ಚೌಕ ಮಾಡಿದೆವು. ಮೂಲೆಗೆ ನೆಡಲು ಕಬ್ಬಿಣದ ಗೂಟ ತರಬೇಕಿತ್ತು, ಸಹಾಯಧನ ಅಲ್ಲಿಯವರೆಗೆ ಹಿಗ್ಗಲಿಲ್ಲ. ಮೊಣಕಾಲೆತ್ತರದ ನಾಲ್ಕು ಕಲ್ಲು ನೆಟ್ಟೆವು. ಹುಲ್ಲು ಬೆಳೆದ ಮೇಲೂ ಕಾಣಲೆಂದು ಸುಣ್ಣ ಬಳಿದು ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದೆವು. ಬಿಳಿಯ ಮೇಲೆ ಕೆಂಪು ಪಟ್ಟೆ ಎಂದರೆ ನಮ್ಮ ಸೀಮೆಯಲ್ಲಿ ಮಗುವಿಗೂ ದೇವರ ಗೋಡೆ ಎಂದು ಗೊತ್ತು. ದಿನಾ ನೋಡುತ್ತಾ ಬೆಳೆದವಳು ನಾನು. ಆವತ್ತು ಮಾತ್ರ ನನಗೆ ಅದು ದೂರಕ್ಕೆ ಕಾಣುವ ಬಣ್ಣ ಅಷ್ಟೇ ಆಗಿತ್ತು.

ಚೌಕದೊಳಗೆ ಕಾಲಿಡುವಂತಿರಲಿಲ್ಲ. ಒಂದು ಹೆಜ್ಜೆ ಬಿದ್ದರೆ ಸಾಕು, ಇನ್ನೂ ಎಲೆ ಬಿಚ್ಚದ ಮೊಳಕೆಗಳು ಸಾಯುತ್ತವೆ. ಅದಕ್ಕೆ ಎರಡು ಕಲ್ಲುಗಳ ಮೇಲೆ ಅಡ್ಡ ಒಂದು ಹಲಗೆ ಹಾಕಿ, ಅದರ ಮೇಲೆ ಕಾಲು ಮಡಿಸಿ ಕೂತು, ಕೆಳಗೆ ಬಾಗಿ ಹುಲ್ಲು ಸರಿಸಿ ನೋಡುತ್ತಿದ್ದೆ. ಮತ್ತಿ, ದಿಂಡಿಗ, ಹೊನ್ನೆ, ನೆಲ್ಲಿ, ಒಂದೊಂದರ ಲ್ಯಾಟಿನ್ ಹೆಸರನ್ನೂ ಬಾಯಿಬಿಟ್ಟು ಹೇಳಿಕೊಳ್ಳುತ್ತಾ ಗುರುತು ಮಾಡುವುದು ನನ್ನ ಅಭ್ಯಾಸ. ವಾಚರ್ ದೂರದ ಮರದಡಿ ಕೂತು ಬೀಡಿ ಸೇದುತ್ತಿದ್ದ. ಮಳೆ ಹಿಡಿದು ಹುಲ್ಲು ಸೊಂಟದವರೆಗೆ ಬಂದ ಮೇಲೆ ದಾರಿಯಲ್ಲಿ ಹೋಗುವವರಿಗೆ ಅವನು ಕಾಣುತ್ತಿರಲಿಲ್ಲ, ಹಲಗೆಯೂ ಕಾಣುತ್ತಿರಲಿಲ್ಲ.

ಆ ಚೌಕದ ಮೇಲೆ ನನಗೆ ಎಷ್ಟು ಮೋಹ ಹುಟ್ಟಿತ್ತೆಂದರೆ, ಗುಂಡ್ಲುಪೇಟೆಯಲ್ಲಿ ಮಳೆ ಜೋರಾದರೆ ಅಲ್ಲಿನ ಮೊಳಕೆಗಳು ಕೊಚ್ಚಿಹೋದಾವು ಎಂದು ರಾತ್ರಿ ಎದ್ದು ಕೂರುತ್ತಿದ್ದೆ. ಅದರ ನಡುವೆ ಒಂದು ನೆಲ್ಲಿಯ ಸಸಿ ಎದ್ದಿತ್ತು. ಬೆಂಕಿ ಬಿದ್ದ ನೆಲದಲ್ಲಿ ಬೀಜದಿಂದ ಹುಟ್ಟಿದ ನೆಲ್ಲಿ ಉಳಿಯುವುದು ಕಷ್ಟ. ಅದೇನಾದರೂ ಎರಡನೆಯ ಬೇಸಿಗೆ ದಾಟಿದರೆ ನನ್ನ ಕೆಲಸಕ್ಕೆ ಅರ್ಥ ಬರುತ್ತಿತ್ತು.

ಒಂದು ಸಲ ಹೋದಾಗ ಮೂಲೆಯ ಕಲ್ಲಿನ ಬುಡದಲ್ಲಿ ಬಾಡಿದ ಒಂದು ಸೊಪ್ಪಿನ ಕೊಂಬೆ ಬಿದ್ದಿತ್ತು. ಗಾಳಿಗೆ ಬಂದಿರಬೇಕು ಎಂದು ಎತ್ತಿ ಎಸೆದೆ. ಮುಂದಿನ ಸಲ ಕೊಂಬೆಗಳ ಒಂದು ಸಣ್ಣ ಗುಡ್ಡೆಯೇ ಇತ್ತು. ಅದರ ಮುಂದಿನ ಸಲ ಕಲ್ಲಿಗೆ ಕುಂಕುಮ, ಕೆಳಗೆ ಹಸಿರು ಗಾಜಿನ ಬಳೆ, ಚೆಂಡು ಹೂವು. ಕಾಡಿನಲ್ಲಿ ಸತ್ತವರ ಜಾಗ ಕಂಡರೆ ಹೋಗುವವರು ಬರುವವರು ಒಂದು ಸೊಪ್ಪು ಮುರಿದು ಹಾಕಿ ಹೋಗುವುದು ವಾಡಿಕೆ. ಅದು ನೆನಪಾಗುವ ಬದಲು ನನಗೆ ಮೈಯೆಲ್ಲ ಉರಿಯಿತು. ಹೂವಿನ ಬೀಜ ಬಿದ್ದು ನನ್ನ ಚೌಕದೊಳಗೆ ಚೆಂಡು ಹೂವಿನ ಸಸಿ ಏಳುತ್ತಿತ್ತು! ಕಾಡಿನಲ್ಲಿ ಚೆಂಡು ಹೂವು ಹುಟ್ಟಿತೆಂದು ನಾನು ಸಮಿತಿಯವರಿಗೆ ಹೇಳಲೇ? ವಾಚರನ್ನು ಕೇಳಿದರೆ, ‘ದಾರೀಲಿ ಓಗೋರು ಆಕ್ತಾರೆ ಬುಡಿ ಅಮ್ಮಾವ್ರೆ’ ಎಂದು ಮುಖ ತಿರುಗಿಸಿಕೊಂಡ.

ಆದರೆ ಕೋಪದ ಕೆಳಗೆ ಇನ್ನೊಂದು ಇತ್ತು. ಹಲಗೆಯ ಮೇಲೆ ಕೂತಾಗ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ಹುಲ್ಲು, ಲಾಂಟಾನದ ಪೊದೆ, ಸುಟ್ಟು ಕಪ್ಪಾದ ಮರಗಳು. ನಾನು ಹೆಸರು ಹೇಳುವುದನ್ನು ನಿಲ್ಲಿಸಿದರೆ ಅಲ್ಲಿ ಯಾರೋ ಉಸಿರು ಹಿಡಿದ ಹಾಗೆ ಆಗುತ್ತಿತ್ತು.

ಒಂದು ದಿನ ಕಾಡಿನಿಂದ ಮರಳುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಮದ್ದೂರು ಕಡೆಯ ಇಬ್ಬರು ಹೆಂಗಸರು ಕೂತಿದ್ದರು.

‘ದೊಡ್ಡಿ ದಾರೀಲಿ ಕುಂತಿರ್ತಳಂತೆ ಕಣಕ್ಕ. ಬಿಳೀ ಸೀರೆ. ಕಾಲು ನೆಲಕ್ಕೆ ತಾಕಕಿಲ್ವಂತೆ.’

‘ಏನಾದ್ರೂ ಅಂತಳಾ?’

‘ಅದೇನೋ ಅರ್ಥ ಆಗ್ದಿರೋ ಮಾತ ಗೊಣಗ್ತಳಂತೆ. ನೆಲ ಬಗೀತಾ ಏನೋ ಉಡುಕ್ತಿರ್ತಳಂತೆ.’

ದೊಡ್ಡಿ ದಾರಿ ಎಂದರೆ ನನ್ನ ದಾರಿ. ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದವಳು ಅವಳೇ ಎಂದುಕೊಂಡೆ. ವಿಜ್ಞಾನ ಓದಿದವಳು ನಾನು, ಆದರೂ ಗುಂಡ್ಲುಪೇಟೆಗೆ ವಾಪಸು ಬಂದು ದೊಡ್ಡಮ್ಮನ ಹತ್ತಿರ ವಿಭೂತಿ ಕೇಳಿ ಇಸಿದುಕೊಂಡೆ. ಮುಂದಿನ ಹದಿನೈದು ದಿನ ಬಿಳಿ ಸೀರೆಯವಳು ಕಣ್ಣು ಮುಚ್ಚಿದರೆ ಬರುತ್ತಿದ್ದಳು. ಅವಳ ಮುಖ ಮಾತ್ರ ಕಾಣುತ್ತಿರಲಿಲ್ಲ.

ಮತ್ತೆ ಹೋದದ್ದು ಒಳ್ಳೆಯ ಬಿಸಿಲಿನ ದಿನ. ಹಲಗೆಯ ಮೇಲೆ ಕಾಲು ಮಡಿಸಿ ಕೂತು, ನೆಲ್ಲಿಯ ಸಸಿಯನ್ನು ನೋಡಿ, ಅದರ ಲ್ಯಾಟಿನ್ ಹೆಸರು ಹೇಳಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ನನ್ನ ಕಾಲು ನೋಡಿಕೊಂಡೆ. ನೆಲದಿಂದ ಮೇಲಿತ್ತು. ಸೀರೆ ನೋಡಿಕೊಂಡೆ. ಸುಣ್ಣ ಕೆಮ್ಮಣ್ಣಿನ ನಾಲ್ಕು ಕಲ್ಲು ನೋಡಿದೆ. ಇಷ್ಟು ದಿನ ನಾನು ಹೆದರಿದ್ದು ನನಗೇ! ನಗು ಒತ್ತಿಕೊಂಡು ಬಂತು. ಕಾಡಿನಲ್ಲಿ ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಪೊದೆಯ ಹಿಂದಿನಿಂದ ಒಂದು ದನಿ ಬಂತು. ಅಳುವೂ ಅಲ್ಲ, ಕೂಗೂ ಅಲ್ಲ. ‘ಮಗಾ’ ಎಂದಿತು.

ನನ್ನ ತಾಯಿಯ ವಯಸ್ಸಿನ ಹೆಂಗಸು ಹುಲ್ಲು ಸೀಳಿಕೊಂಡು ಬಂದಳು. ಮಡಿಲಲ್ಲಿ ಚೆಂಡು ಹೂವಿತ್ತು. ನಾನು ಗಾಬರಿಯಿಂದ ಹಲಗೆಯಿಂದ ಇಳಿದು ನಿಂತೆ. ಅವಳ ನಡಿಗೆ ತಟ್ಟನೆ ನಿಂತಿತು. ನೆಲಕ್ಕೆ ತಾಕಿದ ನನ್ನ ಕಾಲನ್ನೇ ನೋಡುತ್ತಾ ಹತ್ತಿರ ಬಂದು, ಕುಕ್ಕರಗಾಲಿನಲ್ಲಿ ಕೂತು, ನನ್ನ ಪಾದವನ್ನು ಕೈಯಿಂದ ಒತ್ತಿ ನೋಡಿದಳು.

‘ಬೆಚ್ಚಗವೆ’ ಎಂದಳು.

ನಾನು ಬದುಕಿದ್ದೇನೆಂದು ಯಾರಾದರೂ ಅಷ್ಟು ದುಃಖಪಟ್ಟದ್ದನ್ನು ನಾನು ಮುಂದೆಂದೂ ನೋಡಲಿಲ್ಲ. ಅವಳು ಅಲ್ಲೇ ಕೂತುಬಿಟ್ಟಳು. ಅಷ್ಟರಲ್ಲಿ ವಾಚರ್ ಓಡಿ ಬಂದ. ಅವನ ಮುಖ ನೋಡಿದ ಕೂಡಲೇ ಇವನಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ತಿಳಿಯಿತು. ಬೈದೆ. ‘ನಿಮ್ ದೆಸೆಯಿಂದ ಈ ಕಡೆ ಸೌದೆ ಕದಿಯೋರು ಯಾರೂ ಬರ್ತಿಲ್ಲ ಅಮ್ಮಾವ್ರೆ. ಅದ್ಕೇ ಸುಮ್ಕಿದ್ದೆ’ ಎಂದ. ಆಮೇಲೆ ತಲೆ ತಗ್ಗಿಸಿ ಅವಳ ಕಥೆಯನ್ನು ಅವನೇ ಹೇಳಿದ.

ಹಿಂದಿನ ನೆಲ್ಲಿಕಾಯಿ ಕಾಲದಲ್ಲಿ ಅವಳ ಮಗಳು, ನನ್ನದೇ ವಯಸ್ಸಿನವಳು, ಊರಿನ ಹೆಂಗಸರ ಜೊತೆ ಕಾಯಿ ಆಯಲು ಕಾಡಿಗೆ ಬಂದಿದ್ದಳು. ಸಂಜೆ ಎಲ್ಲರೂ ಬಂದರು, ಅವಳು ಬರಲಿಲ್ಲ. ಊರವರೆಲ್ಲ ಹುಡುಕಿದಾಗ ಅವಳ ಕುಕ್ಕೆಯೊಂದು ಸಿಕ್ಕಿತು, ಅವಳು ಸಿಗಲಿಲ್ಲ. ಸ್ವಲ್ಪ ದಿನ ಅತ್ತರು. ಆಮೇಲೆ ಊರು ಬೇರೆ ಮಾತು ಶುರುಮಾಡಿತು. ಪಕ್ಕದಲ್ಲೇ ಕೇರಳದ ರಸ್ತೆ, ದಿನಾ ಲಾರಿ ಓಡಾಡುತ್ತವೆ, ಯಾರದೋ ಜೊತೆ ಹತ್ತಿ ಹೋದಳು ಎಂದರು. ಅಪ್ಪನೂ ನಂಬಿದ. ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿರಲಿಲ್ಲ. ಸತ್ತಳೆಂದು ಯಾರೂ ಒಪ್ಪದೆ ಹಾಲುತುಪ್ಪವನ್ನೂ ಬಿಟ್ಟಿರಲಿಲ್ಲ. ಮಣ್ಣು ಮಾಡಿದ ಜಾಗಕ್ಕೆ ಹಾಲು, ತುಪ್ಪ ಎರೆದು ಕಳಿಸಿಕೊಡದಿದ್ದರೆ ಸತ್ತವರು ಅಲೆಯುತ್ತಾರೆ, ಪಿತೃಪಕ್ಷದಲ್ಲಿ ಇಡುವ ಎಡೆಯೂ ಅವರಿಗೆ ಸೇರುವುದಿಲ್ಲ.

‘ನೀನು ಇಲ್ಲಿ ಕುಂತಿದ್ದು ಕಂಡ ಮ್ಯಾಲೆ ಊರಿನ ಬಾಯಿ ಮುಚ್ಕತು ಕಣವ್ವ’ ಎಂದಳು ಅವಳು. ‘ಓಡೋಗ್ಲಿಲ್ಲ, ಇಲ್ಲೇ ಸತ್ತವಳೆ ಅಂದ್ರು. ನಮ್ ಮನೆಯೋರು ನನ್ ಮುಂದೆ ಕುಂತು ಅತ್ತುಬುಟ್ರು. ಮಾಲಯ ಅಮಾಸೆಗೆ ಮುಂಚೆ ಇಲ್ಲೇ ಆಲು ತುಪ್ಪ ಬುಡನ ಅಂತ ಒಪ್ಪವ್ರೆ. ಕುಂತಿದ್ದು ನೀನು ಅಂತ ಯಾರ್ಗೂ ಯೋಳ್ಬ್ಯಾಡ.’

ಹೇಳುವುದಿಲ್ಲ ಎಂದೆ. ಅದು ಸುಲಭವಾಗಿತ್ತು.

‘ಆಮ್ಯಾಕೆ ನೀನು ಇಲ್ಲಿ ಕುಂತ್ಕೋಬಾರ್ದು. ಈ ಕಡೇಗೇ ಬರ್ಬಾರ್ದು. ನೀನು ಕಂಡ್ರೆ, ಅವ್ಳು ಇನ್ನೂ ಓಗಿಲ್ಲ ಅಂತಾರೆ. ಇಲ್ಲಾಂದ್ರೆ ನೀನ್ಯಾರು ಅಂತ ಗೊತ್ತಾಯ್ತದೆ. ಆಗ ಮತ್ತೆ ಲಾರಿ ಕಥೆನೇ ಯೋಳ್ತಾರೆ.’

ಆಗ ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಚೌಕದಲ್ಲಿ ಹತ್ತಾರು ಜನ ನಿಂತು ತುಳಿದು, ಹಾಲು ತುಪ್ಪ ಸುರಿದು, ಆಮೇಲೆ ನಾನೂ ಇತ್ತ ಬರಬಾರದು ಎಂದರೆ ನನಗೆ ಉಳಿದದ್ದೇನು? ಎರಡನೆಯ ವರ್ಷ ಇಲ್ಲ, ಕಾಲೇಜಿಲ್ಲ, ಅಪ್ಪ ನೋಡಿಟ್ಟ ಗಂಡು ಅಷ್ಟೇ. ‘ಇಷ್ಟು ದೊಡ್ಡ ಕಾಡಿದೆ. ಬೇರೆ ಎಲ್ಲಾದರೂ ಬಿಡಿ’ ಎಂದುಬಿಟ್ಟೆ.

ಅವಳಿಗೆ ಬೇಜಾರಾದ ಹಾಗೆ ಕಾಣಲಿಲ್ಲ. ‘ಇಷ್ಟು ದೊಡ್ಡ ಕಾಡು ಕಣವ್ವ ಅವ್ಳನ್ನ ನುಂಗಿದ್ದು’ ಎಂದಳು. ‘ಅದ್ರಲ್ಲಿ ಎಲ್ಲಿ ಅಂತ ಬುಡ್ಲಿ? ನೀನಲ್ಲ ಅವ್ಳು, ನಂಗೀಗ ಗೊತ್ತಾಯ್ತು. ಆದ್ರೂ ಅವ್ಳು ಎಲ್ಲೋ ಒಂದ್ ಕಡೆ ಇರ್ಬೇಕಲ್ಲ?’

ನಾನು ಗೇಟಿನ ಕೋಣೆಯಲ್ಲಿ ಸೀರೆ ಬದಲಿಸಿ ಹೊರಟು ಬಂದೆ. ವಾಪಸು ಬರುವ ಬಸ್ಸಿನಲ್ಲಿ ಅದೇ ಇಬ್ಬರು ಹೆಂಗಸರಲ್ಲಿ ಒಬ್ಬಳಿದ್ದಳು, ಬೇರೆ ಯಾರಿಗೋ ಹೇಳುತ್ತಿದ್ದಳು: ‘ನಾವೇ ಅಲ್ವಾ ಲಾರಿಯೋನ ಜೊತೆ ಓದ್ಲು ಅಂತ ಆಡ್ಕಂಡಿದ್ದು? ಪಾಪದ ಮಗ. ನಮ್ ನಾಲ್ಗೆಗೆ ಬೆಂಕಿ ಬೀಳ.’ ನಾನು ಅವಳ ಹಿಂದೆಯೇ ಕೂತಿದ್ದೆ, ಕೈ ಚಾಚಿದರೆ ಅವಳ ಹೆಗಲು ಸಿಗುತ್ತಿತ್ತು. ಬದುಕಿದ್ದು ಯಾರಿಗೂ ಇಷ್ಟು ಉಪಕಾರ ಮಾಡಿರಲಿಲ್ಲ ನಾನು. ಗುಂಡ್ಲುಪೇಟೆಯಲ್ಲಿ ಇಳಿಯುವ ಹೊತ್ತಿಗೆ ಏನು ಮಾಡಬೇಕೆಂದು ನನಗೆ ಗೊತ್ತಾಗಿತ್ತು, ಗೊತ್ತಾದದ್ದಕ್ಕೆ ಅಳುವೂ ಬಂದಿತ್ತು.

ಆಮೇಲಿನದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಮುಂದುವರಿಸಲು ಆಗುವುದಿಲ್ಲ ಎಂದು ಸಮಿತಿಗೆ ತಿಳಿಸಿದೆ. ಕಾರಣ ಕೇಳಿದರು. ಮೊದಲು ಪ್ರಶ್ನೆ ಕೇಳಿದ್ದ ಅದೇ ಮನುಷ್ಯ ಪಕ್ಕದವರ ಕಡೆ ತಿರುಗಿ, ‘ಹೆದರಿಕೊಂಡಳು, ನಾನು ಆಗಲೇ ಹೇಳಿರಲಿಲ್ಲವೇ?’ ಎಂದರು. ನನ್ನ ಗುರುಗಳು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಈಗ ಏನಾದರೂ ಅನ್ನುತ್ತಾಳೆ ಎಂದು. ಅದೊಂದು ದಿನ ಆ ಬಾಯಿ ತೆರೆಯಲಿಲ್ಲ. ಮುಂದಿನ ವರ್ಷ ಆ ಸಹಾಯಧನ ಬೇರೆ ಯಾರಿಗೋ ಹೋಯಿತು. ನಾನು ಚಾಮರಾಜನಗರದಲ್ಲಿ ಮಕ್ಕಳಿಗೆ ಬೇರು, ಕಾಂಡ, ಎಲೆ ಹೇಳಿಕೊಡುವ ಮೇಡಮ್ಮಾದೆ. ಆ ಸುಟ್ಟ ನೆಲದಲ್ಲಿ ಎರಡನೆಯ ಬೇಸಿಗೆಗೆ ಯಾವ ಗಿಡ ಉಳಿಯಿತೆಂದು ನನಗೆ ಗೊತ್ತಿಲ್ಲ. ಕನಸಿನಲ್ಲಿ ಎಷ್ಟೋ ಸಲ ಹಲಗೆಯ ಮೇಲೆ ಕೂತು ಹುಲ್ಲು ಸರಿಸಿದ್ದೇನೆ, ಕೆಳಗೆ ನೋಡುವ ಮೊದಲೇ ಎಚ್ಚರವಾಗುತ್ತದೆ.

ಹಾಲುತುಪ್ಪದ ದಿನ ಬೆಳಗ್ಗೆ ನಾನು ಅಲ್ಲಿದ್ದೆ. ಹೋಗಬಾರದಿತ್ತು, ಆದರೆ ನನ್ನ ಚೌಕವನ್ನು ಕೊನೆಯ ಸಲ ನೋಡದೆ ಇರಲಾಗಲಿಲ್ಲ. ಅವರು ಬರುವ ಮೊದಲೇ ವಾಚರ್ ಹಲಗೆಯನ್ನು ಎತ್ತಿ ಒಯ್ದಿದ್ದ. ನಾನು ಬಣ್ಣದ ಸೀರೆಯಲ್ಲೇ ಲಾಂಟಾನದ ಪೊದೆಯ ಹಿಂದೆ, ಅವಳು ಬಂದು ನಿಲ್ಲುತ್ತಿದ್ದ ಅದೇ ಜಾಗದಲ್ಲಿ ಕೂತೆ. ಅಲ್ಲಿಂದ ಚೌಕ ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಅವಳು ನನ್ನನ್ನು ಎಷ್ಟು ಹೊತ್ತು ನೋಡಿರಬೇಕು ಎಂದು ಆಗ ತಿಳಿಯಿತು.

ಹತ್ತಾರು ಜನ ಬಂದರು. ಹುಲ್ಲು ತುಳಿದರು, ಮೊಳಕೆ ತುಳಿದರು. ಹಿರಿಯನೊಬ್ಬ ಬಾಗಿ ಚೌಕದ ನಡುವಿನ ಸಸಿಯನ್ನು ನೋಡಿ, ‘ನೆಲ್ಲಿ ಕಣ್ರಲಾ. ನೆಲ್ಲೀಕಾಯಿಗೆ ಬಂದೋಳಲ್ವಾ? ಇದೇ ಜಾಗ’ ಎಂದ. ಅದನ್ನೊಂದು ತುಳಿಯದೆ ಸುತ್ತ ಜಾಗ ಬಿಟ್ಟರು. ಬಾಳೆಲೆಯ ಮೇಲೆ ಎಡೆ ಇಟ್ಟರು. ಅಪ್ಪ ಹಾಲು ಎರೆದ, ತುಪ್ಪ ಎರೆದ. ‘ತಪ್ಪಾಯ್ತು ಮಗಾ. ಇನ್ ಇಲ್ಲಿ ಕುಂತ್ಕೋಬ್ಯಾಡ. ಓಗ್ ಬಾ’ ಎಂದ.

‘ಬಾ ಅನ್ಬ್ಯಾಡ ಕಣ್ಲಾ’ ಎಂದ ಹಿರಿಯ ಮೆಲ್ಲಗೆ. ‘ಓಗು ಅನ್ನು.’

ಅಪ್ಪನ ಕೈಯಲ್ಲಿ ಖಾಲಿ ಚೊಂಬಿತ್ತು. ಅವನಿಂದ ಆ ಮಾತು ಹೊರಡಲಿಲ್ಲ. ತಲೆಯಾಡಿಸಿ ಹಿಂದಕ್ಕೆ ಸರಿದ. ನಾನು ಪೊದೆಯ ಹಿಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದೆ. ನನ್ನ ಅಪ್ಪ ಸ್ಟೇಷನ್ನಿನಲ್ಲಿ ಮೈಸೂರಿನ ರೈಲು ಹತ್ತಿಸುವಾಗಲೆಲ್ಲ ಹೋಗ್ ಬಾ, ಹೋಗ್ ಬಾ ಎಂದು ರೈಲು ಹೊರಟ ಮೇಲೂ ಹೇಳುತ್ತಲೇ ಇರುತ್ತಿದ್ದರು.

ಎಲ್ಲರೂ ಹೊರಟರು. ಹಾಲುತುಪ್ಪ ಬಿಟ್ಟು ಹೊರಟವರು ಹಿಂದಿರುಗಿ ನೋಡಬಾರದು. ಯಾರೂ ನೋಡಲಿಲ್ಲ. ಅವಳು ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದಳು. ದಾರಿಯ ತಿರುವಿನಲ್ಲಿ ನಿಂತು, ತಿರುಗಿ, ನಾಲ್ಕು ಕಲ್ಲನ್ನು ದಾಟಿ ನೇರವಾಗಿ ಪೊದೆಯ ಕಡೆ ನೋಡಿದಳು. ಗಂಡ ಹೇಳಲಾಗದೆ ಬಿಟ್ಟದ್ದನ್ನು ಅವಳು ಹೇಳಿದಳು.

‘ಓಗವ್ವ.’

ಹೇಳಿದ್ದು ನನಗೋ ಮಗಳಿಗೋ ನನಗೆ ಗೊತ್ತಿಲ್ಲ. ಅವಳು ಕಣ್ಮರೆಯಾಗುವವರೆಗೆ ಕಾದು, ಎದ್ದು, ದೊಡ್ಡಿಯ ದಾರಿ ಬಿಟ್ಟು ಮರಗಳ ಒಳಗಿನಿಂದ ರಸ್ತೆಗೆ ಬಂದೆ. ಇಬ್ಬರೂ ಹೋದೆವು.